ಹದಿನೈದು ಗಂಟೆಯ ಕೆಲಸ: ಒಬ್ಬ ಅತಿಥಿ ಉಪನ್ಯಾಸಕಿಯ ಪ್ರಕರಣ

ಮಲೆನಾಡಿನ ಸೆರಗಿನಲ್ಲಿರುವ ಒಂದು ತಾಲೂಕು ಕೇಂದ್ರ. ಅಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕಿಯೊಬ್ಬರಿಗೆ 2024–25ನೇ ಶೈಕ್ಷಣಿಕ ವರ್ಷದ ನಡುವೆ ದನಿ ಹೋಯಿತು. ಶೀತ ಇರಬೇಕು ಅಂದುಕೊಂಡು ಬಿಸಿನೀರು ಕುಡಿದರು, ಉಪ್ಪುನೀರಿನಲ್ಲಿ ಗಂಟಲು ತೊಳೆದರು, ಜೇಷ್ಠಮಧುವನ್ನು ಬಾಯಲ್ಲಿಟ್ಟುಕೊಂಡೇ ಪಾಠ ಮಾಡಿದರು. ತಿಂಗಳು ಕಳೆದರೂ ದನಿ ತಿರುಗಿ ಬರಲಿಲ್ಲ. ಜಿಲ್ಲಾ ಕೇಂದ್ರದ ಕಿವಿ, ಮೂಗು, ಗಂಟಲು ತಜ್ಞರು ಪರೀಕ್ಷಿಸಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಮೂರು ವಾರ ಮಾತನ್ನೇ ಬಿಡಿ ಎಂದರು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು ಎಂದೂ ಹೇಳಿದರು.

ನಾನು ಅದೇ ಕಾಲೇಜಿನ ಅರ್ಥಶಾಸ್ತ್ರ ವಿಭಾಗದಲ್ಲಿದ್ದೆ. ಅವರ ಒಪ್ಪಿಗೆ ಪಡೆದು, ಹೆಸರು, ಊರು ಮರೆಸಿ ಇದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು ಕರೆಯುವ ಹಾಗೆ ಇಲ್ಲಿ ಅವರು ಬರೀ ‘ಮೇಡಂ’. ದೀರ್ಘ ದುಡಿಮೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಬೆಂಗಳೂರಿನ ಐಟಿ ಕಂಪನಿಗಳ ಕಡೆಗೇ ಎಲ್ಲರ ಕಣ್ಣು. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಬಿಸಿ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ಕಾಲೇಜು ಮೇಷ್ಟ್ರುಗಳು ಯಾರ ಲೆಕ್ಕದಲ್ಲೂ ಇರಲಿಲ್ಲ. ಕಾಗದದ ಮೇಲೆ ಅತಿಥಿ ಉಪನ್ಯಾಸಕರ ಕೆಲಸ ವಾರಕ್ಕೆ 15 ಗಂಟೆ ಮಾತ್ರ. ದಿನಕ್ಕೆ ಎರಡೂವರೆ ಗಂಟೆ ದುಡಿಯುವವರಿಗೆ ದಣಿವು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಈ ಬರಹದಲ್ಲಿ ನಾನು ಉತ್ತರಿಸಲು ಹೊರಟಿರುವುದು ಆ ಒಂದು ಪ್ರಶ್ನೆಯನ್ನೇ.

ಎಂಟು ಗಂಟೆ ಹದಿನೈದಾದದ್ದು

ಮೇಡಂ ಈ ಕೆಲಸಕ್ಕೆ ಬಂದು ಹತ್ತು ವರ್ಷದ ಮೇಲಾಗಿದೆ. ಕನ್ನಡ ಎಂ.ಎ., ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ–ಸೆಟ್ ಪಾಸು. ಬಂದಾಗಿನಿಂದ ಪ್ರತಿ ವರ್ಷವೂ ಅವರು ಹೊಸಬರೇ. ಕಾಲೇಜು ಶಿಕ್ಷಣ ಇಲಾಖೆ ಅರ್ಜಿ ಕರೆಯುತ್ತದೆ, ಅಂಕ, ಅರ್ಹತೆ, ಸೇವಾ ಅನುಭವ ನೋಡಿ ಪಟ್ಟಿ ಮಾಡುತ್ತದೆ, ಕೌನ್ಸೆಲಿಂಗ್‌ನಲ್ಲಿ ಖಾಲಿ ಇರುವ ಕಡೆ ಆಯ್ಕೆ ಮಾಡಿಕೊಳ್ಳಬೇಕು. ಪಾಠ ಮುಗಿದು ಪರೀಕ್ಷೆ ಕಳೆದರೆ ಕೆಲಸವೂ ಮುಗಿಯಿತು. ರಜೆಯ ತಿಂಗಳುಗಳಿಗೆ ಗೌರವಧನ ಇಲ್ಲ. ವರ್ಷದ ನಡುವೆ ಕಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ಅತಿಥಿಯ ತರಗತಿಗಳು ಅವರ ಪಾಲಾಗುತ್ತವೆ. ನಾನು ಕಾಯಂ ನೌಕರ. ಒಂದೇ ಮೇಜಿನ ಆಚೆ ಈಚೆ ಕೂತು ಒಂದೇ ಬಗೆಯ ಕೆಲಸ ಮಾಡುವ ನಮ್ಮಿಬ್ಬರ ನಡುವೆ ಇದ್ದ ಅಂತರ ಎಷ್ಟು ದೊಡ್ಡದು ಎಂಬುದು ಏಪ್ರಿಲ್, ಮೇ ತಿಂಗಳಲ್ಲಿ ಚೆನ್ನಾಗಿ ತಿಳಿಯುತ್ತಿತ್ತು.

2021ರ ಕೊನೆಯವರೆಗೆ ಅತಿಥಿ ಉಪನ್ಯಾಸಕರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ ಅರ್ಹತೆ ಇದ್ದರೆ ತಿಂಗಳಿಗೆ 13 ಸಾವಿರ, ಇಲ್ಲದಿದ್ದರೆ 11 ಸಾವಿರ ರೂಪಾಯಿ ಸಿಗುತ್ತಿತ್ತು. ಕಾರ್ಯಭಾರ ವಾರಕ್ಕೆ ಎಂಟರಿಂದ ಹತ್ತು ಗಂಟೆ. ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ಅವರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. 2022ರ ಜನವರಿಯಲ್ಲಿ ಆಗಿನ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಅವರು ಹೊಸ ದರ ಪ್ರಕಟಿಸಿದರು. ಅರ್ಹತೆ, ಸೇವೆ ನೋಡಿಕೊಂಡು 26 ಸಾವಿರದಿಂದ 32 ಸಾವಿರದವರೆಗೆ. ಎರಡು ಪಟ್ಟಿಗೂ ಹೆಚ್ಚು ಏರಿಕೆ ಅದು. ಮೇಡಂ ಆ ದಿನ ಕಾಲೇಜಿಗೆ ಧಾರವಾಡ ಪೇಡ ತಂದಿದ್ದರು.

ಅದೇ ಆದೇಶದಲ್ಲಿ ಇನ್ನೊಂದು ಸಾಲಿತ್ತು. ಕಾರ್ಯಭಾರ ಇನ್ನು ಮುಂದೆ ವಾರಕ್ಕೆ 15 ಗಂಟೆ. ಕಾಲೇಜಿನಲ್ಲಿರುವ ಒಟ್ಟು ತರಗತಿಗಳು ಹೆಚ್ಚಾಗಿರಲಿಲ್ಲ. ಹಾಗಾಗಿ ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ರಾಜ್ಯದಲ್ಲಿ ಹೀಗೆ ಕೆಲಸ ಕಳೆದುಕೊಂಡವರು ಸಾವಿರಗಳಲ್ಲಿದ್ದರು. ನಮ್ಮ ಕನ್ನಡ ವಿಭಾಗದಲ್ಲೂ ಹಾಗೇ ಆಯಿತು. ಮೇಡಂ ಉಳಿದರು, ಅವರ ಪಕ್ಕ ಕೂರುತ್ತಿದ್ದ ಗೆಳತಿ ಖಾಸಗಿ ಪ್ರೌಢಶಾಲೆಯೊಂದಕ್ಕೆ ಸೇರಿದರು. ದುಡ್ಡು ಹೆಚ್ಚಿಸುವ ಖರ್ಚಿನ ದೊಡ್ಡ ಭಾಗವನ್ನು ಆ ಹೊರಹೋದವರ ಜಾಗದಿಂದಲೇ ತೆಗೆದದ್ದು ಎಂದು ಅರ್ಥಶಾಸ್ತ್ರದ ಮೇಷ್ಟ್ರಾಗಿ ನಾನು ಹೇಳಬಲ್ಲೆ.

ಇಲ್ಲಿ ಓದುಗರು ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2018ರ ಯುಜಿಸಿ ನಿಯಮಾವಳಿ ಪೂರ್ಣಾವಧಿ ಅಧ್ಯಾಪಕರ ಕೆಲಸವನ್ನು ವಾರಕ್ಕೆ 40 ಗಂಟೆ ಎಂದು ಹೇಳುತ್ತದೆ. ಅದರಲ್ಲಿ ಸಹಾಯಕ ಪ್ರಾಧ್ಯಾಪಕರು ನೇರವಾಗಿ ತರಗತಿಯಲ್ಲಿ ಕಲಿಸಬೇಕಾದದ್ದು 16 ಗಂಟೆ. ಉಳಿದದ್ದು ತಯಾರಿ, ಮೌಲ್ಯಮಾಪನ, ವಿದ್ಯಾರ್ಥಿಗಳ ಜೊತೆಗಿನ ಮಾತುಕತೆ, ಸಂಶೋಧನೆ, ಕಾಲೇಜಿನ ಇತರ ಕೆಲಸ. 16 ಗಂಟೆ ಪಾಠ ಮಾಡುವವರ ಹಿಂದೆ ಇನ್ನೂ 24 ಗಂಟೆಯ ಕೆಲಸ ಇರುತ್ತದೆ ಎಂದು ನಿಯಮವೇ ಒಪ್ಪಿದೆ. ಅತಿಥಿ ಉಪನ್ಯಾಸಕರ 15 ಗಂಟೆಯ ಹಿಂದೆ ಎಷ್ಟಿರುತ್ತದೆ ಎಂಬುದಕ್ಕೆ ಅವರ ಆದೇಶದಲ್ಲಿ ಒಂದು ಪದವೂ ಇಲ್ಲ. ಒಂದೇ ಒಂದು ಗಂಟೆಯ ವ್ಯತ್ಯಾಸದಲ್ಲಿ ಒಬ್ಬರು ಪೂರ್ಣಾವಧಿ, ಇನ್ನೊಬ್ಬರು ಅತಿಥಿ. ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂಪಾಯಿ, ಭತ್ಯೆಗಳು ಬೇರೆ. ಅತಿಥಿಗಳಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ಕೊಡಬಹುದು ಎಂದು 2019ರಲ್ಲಿ ಯುಜಿಸಿಯೇ ಹೇಳಿತ್ತು. ತಿಂಗಳಿಗೆ 60 ಗಂಟೆ ಪಾಠ ಎಂದಿಟ್ಟುಕೊಂಡರೆ 32 ಸಾವಿರಕ್ಕೆ ಗಂಟೆಗೆ ಬೀಳುವುದು 530 ರೂಪಾಯಿ ಚಿಲ್ಲರೆ.

2023ರ ಕೊನೆಯಲ್ಲಿ ಮತ್ತೆ ಹೋರಾಟ ನಡೆಯಿತು. ಸೇವಾ ಭದ್ರತೆ ಬೇಕು ಎಂಬುದು ಮುಖ್ಯ ಬೇಡಿಕೆ. ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಸರ್ಕಾರ ಸೇವಾವಧಿಗೆ ತಕ್ಕಂತೆ 5 ಸಾವಿರದಿಂದ 8 ಸಾವಿರದವರೆಗೆ ಗೌರವಧನ ಹೆಚ್ಚಿಸಿತು, ಆರೋಗ್ಯ ವಿಮೆಯ ಮಾತು ಕೊಟ್ಟಿತು. ಮೇಡಂಗೆ ಬರುವ ಮೊತ್ತ 40 ಸಾವಿರದ ಸಮೀಪಕ್ಕೆ ಬಂತು. ಸೇವಾ ಭದ್ರತೆ ಸಿಗಲಿಲ್ಲ, 15 ಗಂಟೆ ಹಾಗೇ ಉಳಿಯಿತು.

ವಾರದ ಲೆಕ್ಕ

ವೈದ್ಯರು ಮಾತು ನಿಲ್ಲಿಸಲು ಹೇಳಿದ ಮೇಲೆ ಮೇಡಂ ಸ್ಟಾಫ್ ರೂಮಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದೇ ಉತ್ತರಿಸುತ್ತಿದ್ದರು. ಒಂದು ದಿನ ನಾನು ಕೇಳಿದೆ, “ಮೇಡಂ, ನಿಮ್ಮ ಒಂದು ವಾರದ ಕೆಲಸ ಬರೆದು ತೋರಿಸ್ತೀರಾ, ಪಾಠ ಬಿಟ್ಟು?” ಅವರು ಬರೆಯತೊಡಗಿದರು. ಪುಟ ತುಂಬಿತು, ಹಿಂದಿನ ಪುಟವೂ ತುಂಬಿತು. ಅದನ್ನಿಟ್ಟುಕೊಂಡು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು.

ಅವರಿಗಿದ್ದದ್ದು ನಾಲ್ಕು ತರಗತಿ. ಬಿ.ಎ. ಮತ್ತು ಬಿ.ಕಾಂ. ಮೊದಲ ವರ್ಷ, ಎರಡನೇ ವರ್ಷ. ಭಾಷಾ ವಿಷಯವಾದ್ದರಿಂದ ತರಗತಿಗಳು ದೊಡ್ಡವು, ಸರಾಸರಿ 70 ಮಕ್ಕಳು. ಒಟ್ಟು 280. ಆಂತರಿಕ ಮೌಲ್ಯಮಾಪನಕ್ಕೆ ಸೆಮಿಸ್ಟರಿಗೆ ಎರಡು ಕಿರು ಪರೀಕ್ಷೆ, ಒಂದು ನಿಯೋಜಿತ ಬರಹ. ಒಂದು ಉತ್ತರ ಪತ್ರಿಕೆ ನೋಡಲು ಐದು ನಿಮಿಷ ಸಾಕು ಎಂದರೂ 560 ಪತ್ರಿಕೆಗೆ 46 ಗಂಟೆ ದಾಟುತ್ತದೆ. ನಿಯೋಜಿತ ಬರಹಕ್ಕೆ ಮೂರು ನಿಮಿಷದಂತೆ ಇನ್ನೊಂದು 14 ಗಂಟೆ. ಇದನ್ನು ಸೆಮಿಸ್ಟರಿನ ವಾರಗಳಿಗೆ ಹಂಚಿದರೆ ವಾರಕ್ಕೆ ನಾಲ್ಕು ಗಂಟೆ ಆಗುತ್ತದೆ. ಆಮೇಲೆ ಅಂಕಗಳನ್ನು ರಿಜಿಸ್ಟರಿಗೆ ಬರೆಯಬೇಕು, ಎಕ್ಸೆಲ್ ಹಾಳೆಗೆ ಹಾಕಬೇಕು, ಪೋರ್ಟಲ್‌ಗೆ ಏರಿಸಬೇಕು, ಮುದ್ರಿಸಿ ಮಕ್ಕಳ ಸಹಿ ತೆಗೆದುಕೊಳ್ಳಬೇಕು. ಕೊನೆಯ ದಿನಾಂಕದ ಹಿಂದಿನ ರಾತ್ರಿ ರಾಜ್ಯದ ಮೇಷ್ಟ್ರುಗಳೆಲ್ಲ ಒಟ್ಟಿಗೆ ಪೋರ್ಟಲ್ ತೆರೆದಾಗ ಅದು ತೆವಳುತ್ತದೆ. ಮೇಡಂ ಬೆಳಗಿನ ನಾಲ್ಕಕ್ಕೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದರು, ಆ ಹೊತ್ತಿಗೆ ಸುಲಭವಾಗಿ ತೆರೆಯುತ್ತದೆ ಎಂದು.

ತಯಾರಿಯ ಲೆಕ್ಕ ಕಷ್ಟ. ಹಿಂದಿನ ವರ್ಷ ಮಾಡಿದ ಪಾಠವೇ ಆದರೆ ಅರ್ಧ ಗಂಟೆಯಲ್ಲಿ ಕಣ್ಣಾಡಿಸಬಹುದು. ಹೊಸ ಪಠ್ಯದಲ್ಲಿ ಹಳಗನ್ನಡದ ಒಂದು ಕಾವ್ಯಭಾಗ ಬಂದರೆ ಪದವಿಭಾಗ ಮಾಡಿಕೊಂಡು, ನಿಘಂಟು ತೆಗೆದು, ಮಕ್ಕಳಿಗೆ ಹೇಗೆ ದಾಟಿಸುವುದು ಎಂದು ಯೋಚಿಸಲು ಒಂದಿಡೀ ಸಂಜೆ ಬೇಕು. ಎಲ್ಲ ಸೇರಿಸಿ ವಾರಕ್ಕೆ ಹತ್ತು ಗಂಟೆ ಎಂದು ಕಡಿಮೆಯೇ ಹಿಡಿದೆವು.

ಇನ್ನು ‘ಇತರ’ ಎಂಬ ಖಾನೆ. ನಮ್ಮ ಕಾಲೇಜುಗಳಲ್ಲಿ ಕನ್ನಡ ಮೇಷ್ಟ್ರು ಎಂದರೆ ಎಲ್ಲ ಸಮಾರಂಭಗಳ ಹೆಗಲು. ರಾಜ್ಯೋತ್ಸವ, ಜಯಂತಿಗಳು, ವಾರ್ಷಿಕೋತ್ಸವ, ಎನ್ಎಸ್ಎಸ್ ಶಿಬಿರದ ಉದ್ಘಾಟನೆ, ಯಾವುದೇ ಇರಲಿ, ನಿರೂಪಣೆ ಅವರದೇ. ಆಹ್ವಾನ ಪತ್ರಿಕೆಯ ಕರಡು, ಬ್ಯಾನರಿನ ಅಕ್ಷರ ತಿದ್ದುವುದು, ಅತಿಥಿಗಳ ಪರಿಚಯ ಬರೆಯುವುದು, ಪ್ರಾರ್ಥನೆಗೆ ಮಕ್ಕಳನ್ನು ತಯಾರು ಮಾಡುವುದು, ಮಾರನೇ ದಿನ ಪತ್ರಿಕೆಗೆ ಸುದ್ದಿ ಕಳಿಸುವುದು, ಭಿತ್ತಿಪತ್ರಿಕೆ, ವಾರ್ಷಿಕ ಸಂಚಿಕೆ. ಕಚೇರಿಯಿಂದ ಶಾಸಕರಿಗೆ ಪತ್ರ ಹೋಗಬೇಕಾದರೂ “ಮೇಡಂ, ಒಂದ್ಸಲ ನೋಡಿಬಿಡಿ” ಎಂದು ಅವರ ಮೇಜಿಗೆ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ, ಅವರೂ ಪ್ರೀತಿಯಿಂದಲೇ ಮಾಡುತ್ತಾರೆ. ಪ್ರತಿಯೊಂದೂ ಸಣ್ಣ ಕೆಲಸ. ಹದಿನೈದು ಸಣ್ಣ ಕೆಲಸಗಳು ಸೇರಿ ಒಂದು ದಿನ ತಿಂದುಬಿಡುತ್ತವೆ ಎಂಬುದು ಬರೆದು ನೋಡುವವರೆಗೆ ಅವರಿಗೇ ಗೊತ್ತಿರಲಿಲ್ಲ. ಇದರ ಮೇಲೆ ಕಾಲೇಜಿನ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಗೆ ತಯಾರು ಮಾಡುವ ಕಡತ, ಮೆಂಟರ್ ಆಗಿ ಹಂಚಿಕೊಟ್ಟ ಮಕ್ಕಳ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಗೊತ್ತಾಗದೆ ಬಂದು ನಿಲ್ಲುವವರು, ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ “ಮೇಡಂ ನಾಳೆ ಕ್ಲಾಸ್ ಇದ್ಯಾ” ಎಂಬ ಪ್ರಶ್ನೆ. ವಾರಕ್ಕೆ ಎಂಟು ಗಂಟೆ ಎಂದು ಹಾಕಿದೆವು.

ಪಾಠ 16, ತಯಾರಿ 10, ಮೌಲ್ಯಮಾಪನ 4, ಇತರ 8. ಮೊತ್ತ 38. (ಒಂದೊಂದು ಭಾಷಾ ತರಗತಿಗೂ ವಾರಕ್ಕೆ ನಾಲ್ಕು ಗಂಟೆ ಇರುವುದರಿಂದ ಅವರ 15, ನಿಜದಲ್ಲಿ 16 ಆಗಿತ್ತು.) ಯುಜಿಸಿ ಪೂರ್ಣಾವಧಿ ಅಧ್ಯಾಪಕರಿಗೆ ಹೇಳಿದ 40ಕ್ಕೆ ಎರಡು ಗಂಟೆ ಕಡಿಮೆ. ಈ ಅಂಕಿ ಕಂಡಾಗ ಮೇಡಂ ನೋಟ್‌ಬುಕ್ಕಿನಲ್ಲಿ “ಹಾಗಾದರೆ ನಾನು ಕಾಯಂ!” ಎಂದು ಬರೆದು ನಕ್ಕರು. ಸದ್ದಿಲ್ಲದ ನಗು.

ಇದು ಕಾಲೇಜಿನ ಲೆಕ್ಕ ಮಾತ್ರ. ಬೇಸಿಗೆಯ ಸಂಬಳವಿಲ್ಲದ ತಿಂಗಳುಗಳನ್ನು ದಾಟಬೇಕಾದ್ದರಿಂದ ಭಾನುವಾರ ಒಂದು ತರಬೇತಿ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕನ್ನಡ ಹೇಳಿಕೊಡುತ್ತಿದ್ದರು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕಡ್ಡಾಯ ಕನ್ನಡ ಪರೀಕ್ಷೆ ನಡೆದ ಕಾಲದಲ್ಲಿ ಬೇಡಿಕೆ ಹೆಚ್ಚಿ ಐದಾರು ಗಂಟೆ ಒಂದೇ ಸಮ ಮಾತಾಡಬೇಕಿತ್ತು. ಜೊತೆಗೆ ಅರೆಕಾಲಿಕ ಪಿಎಚ್.ಡಿ., ವಾರಕ್ಕೆ ಹೇಗೋ ಆರೆಂಟು ಗಂಟೆ. ಮನೆ ಇರುವುದು ಪಕ್ಕದ ತಾಲೂಕಿನಲ್ಲಿ. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ನಿಜಕ್ಕೂ ದೊಡ್ಡ ಉಪಕಾರ ಅದು. ಸೀಟು ಮಾತ್ರ ಸಿಗುವುದಿಲ್ಲ, ಹಾಗಾಗಿ ಬಸ್ಸಿನಲ್ಲಿ ಉತ್ತರ ಪತ್ರಿಕೆ ನೋಡುವುದು ನಿಂತಿತು. ಮನೆಯಲ್ಲಿ ಅತ್ತೆ, ಗಂಡ, ಏಳನೇ ತರಗತಿಯ ಮಗ. ಅಡುಗೆಯ ಗಂಟೆಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ಬಸ್ಸು, ಅಡುಗೆ ಬಿಟ್ಟು ಬರೀ ದುಡಿಮೆ ಕೂಡಿಸಿದರೆ 50 ಗಂಟೆ ದಾಟುತ್ತದೆ. ವಿಶ್ವವಿದ್ಯಾಲಯದ ಮೌಲ್ಯಮಾಪನ ಶಿಬಿರ ನಡೆಯುವ ವಾರಗಳಲ್ಲಿ 55ಕ್ಕೆ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರಿಸಿದ್ದು ಈ ಗೆರೆಯ ಬಗ್ಗೆಯೇ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ಅದು ಲೆಕ್ಕ ಹಾಕಿತ್ತು.

ಕಾಲೇಜು ಬದಲಾದ ಬಗೆ

ನಾನು ಓದುವಾಗ ವರ್ಷಕ್ಕೊಂದು ಪರೀಕ್ಷೆ. ಮೇಷ್ಟ್ರು ಜೂನ್‌ನಿಂದ ಫೆಬ್ರವರಿವರೆಗೆ ಪಾಠ ಮಾಡುತ್ತಿದ್ದರು, ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಪರೀಕ್ಷೆ ಮಾಡುತ್ತಿತ್ತು. ಪಾಠ ಒಬ್ಬರ ಕೆಲಸ, ಪರೀಕ್ಷೆ ಇನ್ನೊಬ್ಬರದು. ಸೆಮಿಸ್ಟರ್ ಬಂದಾಗ ಎರಡೂ ಮೇಷ್ಟ್ರ ಕೈಗೆ ಬಂದವು. ಕಲಿಕೆಯ ದೃಷ್ಟಿಯಿಂದ ಇದು ಒಳ್ಳೆಯದೇ. ವರ್ಷಪೂರ್ತಿ ಮಲಗಿ ಮಾರ್ಚ್‌ನಲ್ಲಿ ಗೈಡು ಓದಿ ಪಾಸಾಗುವುದು ತಪ್ಪಿತು. ಆದರೆ ಹೆಚ್ಚಿದ ಕೆಲಸಕ್ಕೆ ತಕ್ಕ ಜನರನ್ನು ಯಾರೂ ಹೆಚ್ಚಿಸಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬದಲಾವಣೆಯ ವೇಗ ಇನ್ನೂ ಹೆಚ್ಚಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ, 2021–22ರಲ್ಲಿ. ಅದುವರೆಗೆ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್) ಪದ್ಧತಿ ಇತ್ತು. ಹೊಸ ನೀತಿಯ ಜೊತೆ ನಾಲ್ಕು ವರ್ಷದ ಪದವಿ, ಹೊಸ ಪಠ್ಯಕ್ರಮ, ಮುಕ್ತ ಐಚ್ಛಿಕ ವಿಷಯಗಳು, 60 ಅಂಕದ ಲಿಖಿತ ಪರೀಕ್ಷೆಗೆ 40 ಅಂಕದ ಆಂತರಿಕ ಮೌಲ್ಯಮಾಪನ ಬಂದವು. ಸರ್ಕಾರ ಬದಲಾಯಿತು. 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿಯಂತೆ 2024–25ರಿಂದ ಮೂರು ವರ್ಷದ ಪದವಿ ಮರಳಿತು. ಯಾವ ನೀತಿ ಸರಿ ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ಮೇಡಂ ವರ್ಷದಲ್ಲಿ ಅದರ ಪರಿಣಾಮ ಇಷ್ಟು: ಮೊದಲ ವರ್ಷಕ್ಕೆ ಒಂದು ನೀತಿಯ ಪಠ್ಯ, ಎರಡನೇ ವರ್ಷಕ್ಕೆ ಇನ್ನೊಂದು ನೀತಿಯ ಪಠ್ಯ, ಎರಡಕ್ಕೂ ಬೇರೆ ಬೇರೆ ಅಂಕ ಹಂಚಿಕೆ, ಬೇರೆ ಪ್ರಶ್ನೆಪತ್ರಿಕೆ ಮಾದರಿ. ಭಾಷಾ ಪಠ್ಯಗಳು ಬಿ.ಎ.ಗೆ ಒಂದು, ಬಿ.ಕಾಂ.ಗೆ ಇನ್ನೊಂದು. ನಾಲ್ಕು ತರಗತಿಗೆ ನಾಲ್ಕು ಪುಸ್ತಕ. ತರಗತಿ ಆರಂಭವಾಗಿ ವಾರಗಳು ಕಳೆದರೂ ಹೊಸ ಪಠ್ಯಪುಸ್ತಕ ಕೈಗೆ ಬಂದಿರಲಿಲ್ಲ. ಪಾಠಗಳ ಪಟ್ಟಿ ಮಾತ್ರ ಪಿಡಿಎಫ್ ಆಗಿ ಬಂತು. ಮೂಲ ಕವನಗಳನ್ನು ಹುಡುಕಿ, ಜೆರಾಕ್ಸ್ ಮಾಡಿಸಿ ಹಂಚಿದವರು ಮೇಡಂ.

ಮೇಡಂ ಪಿಎಚ್.ಡಿ. ಕತೆಯೂ ಇಂಥದ್ದೇ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈನಿಂದ ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ಯುಜಿಸಿ ಹೇಳಿತು. ಕಾಲೇಜುಗಳಿಗೂ ಇಂದಲ್ಲ ನಾಳೆ ಬರುತ್ತದೆ ಎಂಬ ಭಯದಲ್ಲಿ ನಮ್ಮ ರಾಜ್ಯದ ಎಷ್ಟೋ ಅತಿಥಿ ಉಪನ್ಯಾಸಕರು ನೋಂದಣಿ ಮಾಡಿಸಿದರು, ಮೇಡಂ ಕೂಡ. ಗಡುವು 2023ಕ್ಕೆ ಮುಂದೆ ಹೋಯಿತು. 2023ರ ಜುಲೈನಲ್ಲಿ ಕಡ್ಡಾಯವೇ ರದ್ದಾಯಿತು, ನೆಟ್, ಸೆಟ್ ಇದ್ದರೆ ಸಾಕು ಎಂದಾಯಿತು. ಅಷ್ಟರಲ್ಲಿ ಅವರು ಕೋರ್ಸ್‌ವರ್ಕ್ ಮುಗಿಸಿ, ಶುಲ್ಕ ಕಟ್ಟಿ, ಅರ್ಧ ದಾರಿಗೆ ಬಂದಿದ್ದರು. ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಬೇಕು ಎಂಬ ನಿಯಮ 2022ರ ಕೊನೆಯಲ್ಲಿ ಹೋಯಿತು. ಮೇಡಂ ಲೇಖನ ಅದಕ್ಕೆ ಮುಂಚೆಯೇ ಪ್ರಕಟವಾಗಿತ್ತು. ಜನಪದ ಒಗಟುಗಳ ಮೇಲೆ ಅವರು ಮಾಡುತ್ತಿರುವ ಕೆಲಸ ನಿಜಕ್ಕೂ ಓದಬೇಕಾದ್ದು. ಅದನ್ನು ಓಡುತ್ತಾ ಮಾಡಬೇಕಾಗಿ ಬಂದದ್ದು ನನಗೆ ನೋವಿನ ವಿಷಯ.

ಬದಲಾದವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಅದು ಈ ಕತೆಯ ಒಳ್ಳೆಯ ಭಾಗ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ (ಕಾಲೇಜು ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣಕ್ಕೆ ಸೇರಿದವರು) ಶೇ 36.2, ದೇಶದ್ದು ಶೇ 28.4. ಕಾಲೇಜು ವಯಸ್ಸಿನ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಕಾಲೇಜುಗಳಿರುವ ರಾಜ್ಯವೂ ನಮ್ಮದೇ. ತಾಲೂಕಿಗೊಂದು, ಕೆಲವು ಕಡೆ ಹೋಬಳಿಗೊಂದು ಸರ್ಕಾರಿ ಕಾಲೇಜು ಬಂದದ್ದರಿಂದಲೇ ನಮ್ಮ ತರಗತಿಯ ಬಹುಪಾಲು ಹುಡುಗಿಯರು ಪದವಿಯ ಮುಖ ಕಂಡರು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರು. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿದು ಕೂಲಿ ದುಡಿದು, ಬೆಳಿಗ್ಗೆ ಮೊದಲ ಅವಧಿಗೆ ಬಂದು ಬೆಂಚಿನ ಮೇಲೆ ತೂಕಡಿಸುತ್ತಾರೆ. ಬೆರಳ ತುದಿ ಕಪ್ಪಾಗಿರುತ್ತದೆ. ಹುಡುಗರಲ್ಲಿ ಕೆಲವರು ಕ್ಯಾಟರಿಂಗ್‌ಗೆ, ಕೆಲವರು ಪೆಟ್ರೋಲ್ ಬಂಕಿಗೆ ಹೋಗುತ್ತಾರೆ. ಇಂಥ ಮಕ್ಕಳಿಗೆ ಕಲಿಸಲು ಹೆಚ್ಚು ಹೊತ್ತು ಬೇಕು, ಹೆಚ್ಚು ತಾಳ್ಮೆ ಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಅಂಥ ಕಾಲೇಜುಗಳನ್ನೇ ನಾವು ಅತಿಥಿಗಳ ಹೆಗಲ ಮೇಲೆ ಬಿಟ್ಟಿದ್ದೇವೆ. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳಿಂದ ನಡೆಯುತ್ತಿರುವ ವ್ಯವಸ್ಥೆಗೆ ಅದು ಎಲ್ಲಿಗೆ ಸಾಲುತ್ತದೆ?

ಮೂರು ವಾರ

70 ಮಕ್ಕಳ ಕೊಠಡಿ, ಮೇಲೆ ಶೀಟು, ಪಕ್ಕದಲ್ಲಿ ಬಸ್ ನಿಲ್ದಾಣದ ರಸ್ತೆ. ಮೈಕ್ ಇಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ ಎದುರಾಗಿ ಕೂಗಬೇಕು. ಧ್ವನಿತಂತುಗಳು ಪ್ರತಿ ಸಲ ಕೂಗಿದಾಗಲೂ ಒಂದಕ್ಕೊಂದು ಬಲವಾಗಿ ಬಡಿಯುತ್ತವೆ, ಬಡಿದಲ್ಲೇ ಬಡಿದು ಅಂಚು ದಪ್ಪವಾಗಿ ಗಂಟು ಕಟ್ಟುತ್ತದೆ. ಗಾಯಕರಲ್ಲಿ, ಶಿಕ್ಷಕರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಶುರುವಿನಲ್ಲೇ ವಿಶ್ರಾಂತಿ, ವಾಕ್ ಚಿಕಿತ್ಸೆ ಸಿಕ್ಕರೆ ಶಸ್ತ್ರಚಿಕಿತ್ಸೆಯಿಲ್ಲದೆ ಕರಗಬಹುದು.

ವೈದ್ಯರ ಚೀಟಿ ಹಿಡಿದು ಬಂದ ದಿನ ಮೇಡಂ ಅಳಲಿಲ್ಲ, ಲೆಕ್ಕ ಹಾಕುತ್ತಿದ್ದರು. ಮೂರು ವಾರದ ಕಾಯಿಲೆ ರಜೆ ಅವರ ಕರಾರಿನಲ್ಲಿ ಇರಲಿಲ್ಲ. ಪಾಠ ಮಾಡದ ದಿನಗಳ ಗೌರವಧನ ಹೋಗುತ್ತದೆ, ಅದು ಹೋದರೆ ಹೋಗಲಿ. ಬೇರೆಯವರನ್ನು ಆ ಜಾಗಕ್ಕೆ ತೆಗೆದುಕೊಂಡರೆ ಸೇವಾ ಅನುಭವದಲ್ಲಿ ಕಡಿತ ಬೀಳುತ್ತದೆ, ಮುಂದಿನ ಕೌನ್ಸೆಲಿಂಗ್‌ನಲ್ಲಿ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತಾರೆ. ಅವರು ಯಾವ ಹೆಚ್ಚುವರಿ ಕೆಲಸಕ್ಕೂ ‘ಆಗಲ್ಲ’ ಎನ್ನದೆ ಇದ್ದದ್ದಕ್ಕೂ ಮೂಲ ಇದೇ. ಯಾರೂ ಅವರನ್ನು ಹೆದರಿಸಿರಲಿಲ್ಲ. ನಮ್ಮ ಪ್ರಾಂಶುಪಾಲರು ಸಜ್ಜನರು. ಆದರೂ ಪ್ರತಿ ವರ್ಷ ಹೊಸದಾಗಿ ಕೆಲಸಕ್ಕೆ ಸೇರಬೇಕಾದವರು ತಾವಾಗಿಯೇ ಎಚ್ಚರದಲ್ಲಿರುತ್ತಾರೆ. ಇವರ ಅತಿ ದುಡಿಮೆಗೆ ಮೇಲಧಿಕಾರಿಯ ಒತ್ತಾಯ ಬೇಕಾಗುವುದೇ ಇಲ್ಲ, ಕರಾರಿನ ಅವಧಿಯೇ ಆ ಕೆಲಸ ಮಾಡುತ್ತದೆ.

ವಿಭಾಗದ ಸಭೆಯಲ್ಲಿ ನಾವು ಕಂಡುಕೊಂಡ ದಾರಿ ಹೀಗಿತ್ತು. ಕನ್ನಡದ ಕಾಯಂ ಅಧ್ಯಾಪಕರು ಬಿ.ಎ.ಯ ಎರಡೂ ತರಗತಿ ತೆಗೆದುಕೊಂಡರು. ಬಿ.ಕಾಂ.ಗೆ ಮೇಡಂ ಕೊಠಡಿಯಲ್ಲಿ ಇರುತ್ತಿದ್ದರು, ಮಾತಾಡುತ್ತಿರಲಿಲ್ಲ. ಬೋರ್ಡಿನ ಮೇಲೆ ಪ್ರಶ್ನೆ ಬರೆಯುವುದು, ಮಕ್ಕಳು ಗುಂಪಾಗಿ ಕವನ ಓದಿ, ಅರ್ಥ ಬಿಡಿಸಿ, ಒಬ್ಬೊಬ್ಬರಾಗಿ ಎದ್ದು ಹೇಳುವುದು. ನಿರೂಪಣೆಯನ್ನು ವಾಣಿಜ್ಯ ವಿಭಾಗದ ಯುವಕರೊಬ್ಬರು ವಹಿಸಿಕೊಂಡರು. ಮೇಡಂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ದನಿ ಬಳಸುವ ಅಭ್ಯಾಸಗಳನ್ನು ಕಲಿತು ಬಂದರು. 1965ರಿಂದ ಇರುವ ಆ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಶಿಕ್ಷಕರ ತರಬೇತಿಯಲ್ಲಿ ದನಿಯ ಆರೈಕೆಗೆ ಅರ್ಧ ದಿನವನ್ನಾದರೂ ಏಕೆ ಇಟ್ಟಿಲ್ಲ ಎಂಬುದು ನನಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ. ಆಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ಕೊಂಡರು, ಸ್ವಂತ ದುಡ್ಡಿನಲ್ಲಿ. ಭಾನುವಾರದ ತರಬೇತಿ ಬಿಟ್ಟರು. ದನಿ ಬಹುಮಟ್ಟಿಗೆ ತಿರುಗಿ ಬಂತು, ಮೇಲುಸ್ವರ ಮಾತ್ರ ಇನ್ನೂ ಒಡೆಯುತ್ತದೆ.

ಈ ಏರ್ಪಾಡು ನಡೆದದ್ದು ಒಬ್ಬ ಕಾಯಂ ಸಹೋದ್ಯೋಗಿಯ ಒಳ್ಳೆಯತನದಿಂದ, ಪ್ರಾಂಶುಪಾಲರು ಕಣ್ಣು ಬಿಟ್ಟು ನೋಡಿದ್ದರಿಂದ. ಇಡೀ ವಿಭಾಗವೇ ಅತಿಥಿಗಳಿಂದ ನಡೆಯುವ ಕಾಲೇಜುಗಳು ಎಷ್ಟೋ ಇವೆ. ಅಲ್ಲಿ ಇದೇ ಗಂಟಲು ಏನಾಗುತ್ತಿತ್ತೋ ಊಹಿಸಬಹುದು.

ನೋಟ್‌ಬುಕ್ಕಿನ ಆ ಎರಡು ಪುಟಗಳಿಂದ ನಮ್ಮ ಕಾಲೇಜಿನಲ್ಲಿ ಒಂದು ಬದಲಾವಣೆ ಬಂತು. ಸಮಿತಿಗಳನ್ನು ಹಂಚುವಾಗ ಹೆಸರಿನ ಮುಂದೆ ವಾರಕ್ಕೆ ಅಂದಾಜು ಎಷ್ಟು ಗಂಟೆ ಎಂದು ಬರೆಯಲು ಶುರು ಮಾಡಿದೆವು. ಮೊದಲ ಸಲ ಬರೆದಾಗ ಅತಿಥಿಗಳ ಪಾಲು ಕಾಯಂನವರಿಗಿಂತ ಹೆಚ್ಚಿತ್ತು. ಎಲ್ಲರೂ ಕಂಡ ಮೇಲೆ ಅದನ್ನು ಹಾಗೇ ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ನ್ಯಾಕ್ ಕಡತದ ಎರಡು ಮಾನದಂಡಗಳು ನನ್ನ ಮೇಜಿಗೆ ಬಂದವು.

ಕಾನೂನು ಎಲ್ಲಿಗೆ ಬಂದಿದೆ

ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಎತ್ತಿಹಿಡಿದಿತ್ತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ವಿಷಯದಲ್ಲಿ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜೊಯ್ಮಾಲ್ಯ ಬಾಗ್ಚಿ ಅವರ ಪೀಠ ಇನ್ನೂ ನೇರವಾಗಿ ಮಾತಾಡಿತು. ಅವರಿಗೆ ತಿಂಗಳಿಗೆ 30 ಸಾವಿರ ರೂಪಾಯಿ ಸಿಗುತ್ತಿತ್ತು, ಅದೇ ಕೆಲಸ ಮಾಡುವ ಕಾಯಂ ಅಧ್ಯಾಪಕರಿಗೆ ಲಕ್ಷದ ಮೇಲೆ. ಸಹಾಯಕ ಪ್ರಾಧ್ಯಾಪಕರ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನು ಅವರಿಗೆ ಕೊಡಬೇಕೆಂದು ಪೀಠ ಹೇಳಿತು, ಸಮಾರಂಭಗಳಲ್ಲಿ ಗುರುವಿನ ಶ್ಲೋಕ ಹೇಳಿಬಿಟ್ಟರೆ ಸಾಲದು ಎಂಬರ್ಥದ ಮಾತನ್ನೂ ಆಡಿತು.

ಗುಜರಾತಿನ ಆ ಅಧ್ಯಾಪಕರಿಗೂ ನಮ್ಮ ಅತಿಥಿಗಳಿಗೂ ನೇಮಕಾತಿಯ ಬಗೆಯಲ್ಲಿ ವ್ಯತ್ಯಾಸವಿದೆ, ಆ ತೀರ್ಪು ಇಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ‘ಸಮಾನ ಕೆಲಸ’ ಎಂದು ವಾದಿಸಲು ಕೆಲಸದ ಲೆಕ್ಕ ಬೇಕು. ನಮ್ಮ ಅತಿಥಿಗಳ ಬಳಿ ಇರುವ ಏಕೈಕ ದಾಖಲೆ ತರಗತಿ ಹಾಜರಿ. ಉಳಿದ 22 ಗಂಟೆಗೆ ಸಾಕ್ಷಿಯೇ ಇಲ್ಲ. ಹಾಗಾಗಿ ನನ್ನ ಒತ್ತಾಯ ಗೌರವಧನಕ್ಕಿಂತ ಮೊದಲು ಆದೇಶದ ಆ ಒಂದು ಸಾಲಿನ ಮೇಲೆ. 15 ಗಂಟೆ ಪಾಠ ಎಂದು ಬರೆಯುವ ಕಡೆ ಅದರ ಜೊತೆಗೆ ಬರುವ ತಯಾರಿ, ಮೌಲ್ಯಮಾಪನ, ಕಾಲೇಜು ಕೆಲಸಗಳನ್ನೂ ಗಂಟೆ ಸಮೇತ ಬರೆಯಲಿ. ಕೆಲಸ ಅಷ್ಟಿಲ್ಲ ಎಂದು ಸರ್ಕಾರಕ್ಕೆ ಅನಿಸಿದರೆ ಆ ಕೆಲಸಗಳನ್ನು ಅವರಿಂದ ಮಾಡಿಸದಿರಲಿ. ಕಾಯಿಲೆ ರಜೆ, ಹನ್ನೆರಡು ತಿಂಗಳ ಗೌರವಧನ, ದೊಡ್ಡ ತರಗತಿಗೆ ಮೈಕ್, ಇವೆಲ್ಲ ಆ ಲೆಕ್ಕದಿಂದ ತಾವಾಗಿ ಹೊರಡುವ ಬೇಡಿಕೆಗಳು.

ಮೇಡಂ ದನಿ ಹೋದ ಮರು ಶೈಕ್ಷಣಿಕ ವರ್ಷ ನಮ್ಮ ಕಾಲೇಜಿಗೆ ಕನ್ನಡಕ್ಕೆ ಇನ್ನೊಬ್ಬರು ಕಾಯಂ ಅಧ್ಯಾಪಕರು ವರ್ಗವಾಗಿ ಬಂದರು. ಮೇಡಂಗೆ ಉಳಿದ ತರಗತಿ ಸಾಲಲಿಲ್ಲ. ಕೌನ್ಸೆಲಿಂಗ್‌ನಲ್ಲಿ ಅವರು ಮನೆಗೆ ಹತ್ತಿರದ ಇನ್ನೊಂದು ಕಾಲೇಜನ್ನು ಆಯ್ದುಕೊಂಡರು. ಬಸ್ಸಿನ ಹೊತ್ತು ಅರ್ಧವಾಯಿತು. ಅಲ್ಲಿನ ಮೊದಲ ಸಭೆಯಲ್ಲಿ ಸಾಂಸ್ಕೃತಿಕ ಸಮಿತಿ, ಪ್ರಚಾರ ಸಮಿತಿ, ವಾರ್ಷಿಕ ಸಂಚಿಕೆ ಮೂರಕ್ಕೂ ಅವರ ಹೆಸರು ಓದಿದರು. ವಾರಕ್ಕೆ ಎಷ್ಟು ಗಂಟೆ ಆಗಬಹುದು ಎಂದು ಅವರು ಕೇಳಿದರಂತೆ. ಎರಡು ಸಮಿತಿ ಬೇರೆಯವರಿಗೆ ಹೋದವು, ವಾರ್ಷಿಕ ಸಂಚಿಕೆಯನ್ನು ಅವರೇ ಕೇಳಿ ಇಟ್ಟುಕೊಂಡಿದ್ದಾರೆ.